ತಮಾಷೆ ಇರಲಿ, ಅಪ್ಪನೂ ಇರಲಿ

ಆತ್ಮೀಯರೇ, ನಮಸ್ಕಾರ.

ನಿಮ್ಮ 'ಐಸಿಯು ಪ್ರಹಸನ' ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಯಾಕೆ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ನಿಮಗೆ ಬರೆಯಲು ಬರುತ್ತದೆ, ಅದಕ್ಕೇ ಇಷ್ಟು ಉದ್ದದ ಪತ್ರ.

ಇದು ನಿಮ್ಮ ತಂದೆಯವರ ಕೊನೆಯ ದಿನಗಳ ಬರಹ. ಆದರೆ ಅದರೊಳಗೆ ಯಾರ್ಯಾರಿದ್ದಾರೆ ನೋಡಿ. ಕ್ಯಾಂಟೀನಿನ ಗಟ್ಟಿ ಇಡ್ಲಿ ಇದೆ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಚಿಕ್ಕಪ್ಪ ಇದ್ದಾರೆ. ಪಾಸ್ ಇಲ್ಲದೆ ಒಳಗೆ ಬಿಡದ ಸೆಕ್ಯೂರಿಟಿಯವರು, ತಡವರಿಸುತ್ತಾ ಕನ್ನಡ ಮಾತಾಡುವ ನರ್ಸ್, ಬಿಲ್ಲಿಂಗ್ ಕೌಂಟರಿನ ಕ್ಯೂ, ಎಲ್ಲ ಇವೆ. ತಂದೆಯವರು ಮಾತ್ರ ಕಾಣುವುದಿಲ್ಲ. ಅವರಿಗೆ ಏನಾಗಿತ್ತು, ಎಷ್ಟು ದಿನ ಅಲ್ಲಿದ್ದರು, ನೀವು ಒಳಗೆ ಹೋದಾಗ ಗುರುತು ಹಿಡಿಯುತ್ತಿದ್ದರಾ? ಕೊನೆಯ ಪುಟ ಮುಗಿದರೂ ಓದುಗರಿಗೆ ಗೊತ್ತಾಗುವುದಿಲ್ಲ.

ಬರಹದ ಜೊತೆ ಕಳಿಸಿದ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: "ಆ ದಿನಗಳ ಬಗ್ಗೆ ಯಾರು ಕೇಳಿದರೂ ಜೋಕ್ ಮಾಡಿಯೇ ಹೇಳಿದೆ. ಇಲ್ಲದಿದ್ದರೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಈಗ ಆ ಜೋಕುಗಳು ಬಿಟ್ಟರೆ ಬೇರೆ ಏನೂ ಸರಿಯಾಗಿ ನೆನಪಾಗುತ್ತಿಲ್ಲ." ಇಡೀ ಬರಹಕ್ಕಿಂತ ಈ ಮೂರು ಸಾಲು ನನ್ನನ್ನು ಜಾಸ್ತಿ ಕಾಡಿದವು.

ಮೊದಲಿಗೆ ಒಂದು ಮಾತು. ನೀವು ನಕ್ಕಿದ್ದರಲ್ಲಿ ಯಾವ ತಪ್ಪೂ ಇಲ್ಲ. ಆಂಡ್ರಿಯಾ ಸ್ಯಾಮ್ಸನ್ ಮತ್ತು ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ್ದಾರೆ. ಮನಸ್ಸು ಕದಡುವ ಚಿತ್ರಗಳನ್ನು ತೋರಿಸಿ, ಅದರ ಮೇಲೆ ತಮಾಷೆ ಮಾಡಿ ಎಂದರು. ತಮಾಷೆ ಮಾಡಿದವರಿಗೆ ಸಂಕಟ ಕಡಿಮೆಯಾಯಿತು. ಆದರೆ ಕುಹಕದ ತಮಾಷೆಗಿಂತ ಒಳ್ಳೆಯ ಮನಸ್ಸಿನ ತಮಾಷೆಯೇ ಹೆಚ್ಚು ಕೆಲಸ ಮಾಡಿತು. ಹಾಗಾಗಿ ಆ ನರ್ಸಿನ ಕನ್ನಡವನ್ನು ಆಡಿಕೊಂಡ ಪ್ಯಾರಾ ತೆಗೆದುಬಿಡಿ. ರಾತ್ರಿಯಿಡೀ ನಿಮ್ಮ ತಂದೆಯನ್ನು ನೋಡಿಕೊಂಡವರು ಅವರು. ಆ ನಗುವಿನಿಂದ ನಿಮಗೂ ಏನೂ ಸಿಕ್ಕಿಲ್ಲ ಅನ್ನುವುದು ಆ ವಾಕ್ಯಗಳಲ್ಲೇ ಕಾಣುತ್ತದೆ.

ಇನ್ನು ನೆನಪಿನ ವಿಷಯ. ಡುಡುಕೋವಿಕ್, ಮಾರ್ಷ್, ಟ್ವೆರ್ಸ್ಕಿ ಎಂಬ ಮೂವರು ಸಂಶೋಧಕರು 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಒಂದು ಕಥೆ ಓದಲು ಕೊಟ್ಟರು. ಕೆಲವರಿಗೆ ಅದನ್ನು ಇದ್ದದ್ದು ಇದ್ದಹಾಗೆ ಹೇಳಿ ಎಂದರು, ಇನ್ನು ಕೆಲವರಿಗೆ ಕೇಳುವವರಿಗೆ ಮಜಾ ಬರುವ ಹಾಗೆ ಹೇಳಿ ಎಂದರು. ಆಮೇಲೆ ಮೂಲ ಕಥೆಯನ್ನು ನೆನಪು ಮಾಡಿಕೊಳ್ಳಲು ಹೇಳಿದಾಗ, ಮಜಾ ಮಾಡಿ ಹೇಳಿದವರ ನೆನಪು ಅಷ್ಟು ಕರಾರುವಾಕ್ಕಾಗಿ ಇರಲಿಲ್ಲ. ನಿಮಗೆ ಆಗಿದ್ದೂ ಇಂಥದ್ದೇ ಇರಬೇಕು ಅನ್ನಿಸುತ್ತದೆ. ನಗಿಸಲು ಹೊರಟಾಗ ನಗು ತರದ ಸಂಗತಿಗಳನ್ನು ಬಿಟ್ಟುಬಿಡುತ್ತೇವೆ. ಬಂದುಹೋಗುವ ನೆಂಟರಿಗೆಲ್ಲ ಹಾಗೆ ಹೇಳಿ ಹೇಳಿ, ಹೇಳಿದ್ದು ಮನಸ್ಸಿನಲ್ಲಿ ಗಟ್ಟಿಯಾಗುತ್ತದೆ. ಬಿಟ್ಟಿದ್ದು ಮಸುಕಾಗುತ್ತದೆ.

ಹಾಗಂತ ತಮಾಷೆ ಎಲ್ಲ ತೆಗೆದು ಅಳಿಸುವ ಬರಹ ಕಳಿಸಿ ಎನ್ನುತ್ತಿಲ್ಲ. ಅದು ಇನ್ನೂ ಕೆಡುತ್ತದೆ. ಸ್ಟೀಫನ್ ಶ್ಮಿಟ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಕಂಡುಕೊಂಡದ್ದು ನಮ್ಮಂಥ ಬರೆಯುವವರ ಕೆಲಸಕ್ಕೆ ಬರುತ್ತದೆ. ಸಾದಾ ವಾಕ್ಯಗಳ ನಡುವೆ ತಮಾಷೆಯ ವಾಕ್ಯ ಸೇರಿಸಿದರೆ ತಮಾಷೆಯದು ಚೆನ್ನಾಗಿ ನೆನಪಿರುತ್ತದೆ. ಬರೀ ತಮಾಷೆಯ ವಾಕ್ಯಗಳನ್ನೇ ಕೊಟ್ಟರೆ ಆ ಲಾಭ ಇಲ್ಲ. ನಿಮ್ಮ ಬರಹದಲ್ಲಿ ಸಾಲಿಗೊಂದು ಜೋಕ್ ಇದೆ. ಓದಿ ಮುಗಿಸಿ ಟೀ ಕುಡಿದು ಬರುವಷ್ಟರಲ್ಲಿ ನನಗೆ ಅವು ಮರೆತೇ ಹೋಗಿದ್ದವು.

ಉಳಿಯುವ ತಮಾಷೆ ಹೇಗಿರುತ್ತದೆ ಅನ್ನುವುದಕ್ಕೆ ವಿಕ್ಟರ್ ಫ್ರಾಂಕಲ್ ಅವರನ್ನು ನೋಡಿ. ವಿಯೆನ್ನಾದ ಮನೋವೈದ್ಯರು. ನಾಜಿಗಳ ಶಿಬಿರಗಳಲ್ಲಿ ತಂದೆ, ತಾಯಿ, ಹೆಂಡತಿಯನ್ನು ಕಳೆದುಕೊಂಡವರು. ಶಿಬಿರದ ಕಟ್ಟಡ ಕೆಲಸದಲ್ಲಿ ಅವರ ಪಕ್ಕ ಒಬ್ಬ ಸರ್ಜನ್ ಗೆಳೆಯ ಇದ್ದರು. ಬಿಡುಗಡೆಯಾದ ಮೇಲೆ ನಡೆಯಬಹುದಾದ ಒಂದು ತಮಾಷೆಯ ಪ್ರಸಂಗವನ್ನು ದಿನಕ್ಕೊಂದರಂತೆ ಕಟ್ಟೋಣ ಎಂದು ಇಬ್ಬರೂ ಮಾತಾಡಿಕೊಂಡರು. ಮೇಲಿನವರು ತಪಾಸಣೆಗೆ ಬಂದಾಗ ಅಲ್ಲಿನ ಮೇಸ್ತ್ರಿ "ಆಕ್ಷನ್! ಆಕ್ಷನ್!" ಎಂದು ಕೂಗಿ ಕೈದಿಗಳನ್ನು ದುಡಿಸುತ್ತಿದ್ದ. ಫ್ರಾಂಕಲ್ ಗೆಳೆಯನಿಗೆ ಹೇಳಿದರಂತೆ: ಮುಂದೊಂದು ದಿನ ನೀನು ದೊಡ್ಡ ಆಪರೇಷನ್ ಮಾಡುತ್ತಿರುತ್ತೀಯ, ಆಗ ಆಳೊಬ್ಬ ಓಡಿಬಂದು, ದೊಡ್ಡ ಡಾಕ್ಟರು ಬಂದರು ಎಂದು ತಿಳಿಸಲು "ಆಕ್ಷನ್! ಆಕ್ಷನ್!" ಎಂದು ಕೂಗುತ್ತಾನೆ. ಬೇರೆ ಕೈದಿಗಳದ್ದು ಇನ್ನೊಂದು. ಮುಂದೆ ಯಾರದೋ ಮನೆಗೆ ಊಟಕ್ಕೆ ಹೋದಾಗ ಮೈಮರೆತು, "ಸೂಪು ಸ್ವಲ್ಪ ತಳದಿಂದ ಬಡಿಸಿ" ಎಂದು ಆ ಮನೆಯ ಅಮ್ಮನನ್ನು ಬೇಡಿಬಿಡುತ್ತೇವೇನೋ ಅಂತ. ಶಿಬಿರದ ನೀರುಸೂಪಿನಲ್ಲಿ ಕಾಳು ಇದ್ದರೆ ತಳದಲ್ಲೇ ಇರುತ್ತಿತ್ತು.

ಆ ಸೂಪಿನ ಮಾತನ್ನು ಇನ್ನೊಮ್ಮೆ ಓದಿ. ನಗು ಬರುತ್ತದೆ. ಜೊತೆಗೆ ಆ ಹಸಿವು, ಆ ಪಾತ್ರೆ, ಸೌಟು ಎಷ್ಟು ಆಳಕ್ಕೆ ಹೋಗುತ್ತದೆ ಎಂದು ಕಾಯುವ ಕಣ್ಣು, ಎಲ್ಲವೂ ಅದರಲ್ಲೇ ಬಂತು, ಅಲ್ವಾ? ನಡೆದದ್ದನ್ನು ಅದು ಬಚ್ಚಿಡಲಿಲ್ಲ. 1946ರಲ್ಲಿ ಫ್ರಾಂಕಲ್ ಪುಸ್ತಕವಾಗಿ ಪ್ರಕಟಿಸಿದ್ದನ್ನು ನಾವು ಇವತ್ತಿಗೂ ಓದುತ್ತೇವೆ.

ನಿಮ್ಮಲ್ಲೂ ಅಂಥದ್ದೊಂದು ಇದೆ. ಮೂರನೇ ಪುಟದ ಕೆಳಗೆ. ಬಾಯಲ್ಲಿ ಪೈಪ್ ಇದ್ದುದರಿಂದ ಮಾತಾಡಲಾಗದ ಅಪ್ಪ, ಕೈಸನ್ನೆಯಲ್ಲಿ ಪೆನ್ನು ಕೇಳಿ, ಸೊಟ್ಟ ಅಕ್ಷರದಲ್ಲಿ "ಮೋಟರ್ ಆಫ್ ಮಾಡಿದ್ರಾ" ಎಂದು ಬರೆದರು ಅನ್ನುತ್ತೀರಿ. ಮರುವಾಕ್ಯದಲ್ಲೇ ಮತ್ತೆ ಕ್ಯಾಂಟೀನಿಗೆ ಓಡಿಹೋಗಿದ್ದೀರಿ! ಯಾಕೆ? ಟ್ಯಾಂಕ್ ತುಂಬಿ ನೀರು ಹರಿದುಹೋದರೆ ಸಹಿಸದ ಒಬ್ಬ ಅಪ್ಪ ಆ ಒಂದು ಸಾಲಿನಲ್ಲಿ ಪೂರ್ತಿ ಕಾಣುತ್ತಾರೆ. ಅಲ್ಲೇ ನಿಲ್ಲಿ. ಆಗ ಎಷ್ಟು ಗಂಟೆ? ಕಾಗದ ಯಾವುದು, ಔಷಧಿ ಚೀಟಿಯ ಹಿಂಬದಿಯೇ? ಹಿಡಿದುಕೊಂಡವರು ಯಾರು? ನೀವು ಏನು ಉತ್ತರ ಕೊಟ್ಟಿರಿ? ಮೋಟರ್ ನಿಜವಾಗಿಯೂ ಆಫ್ ಆಗಿತ್ತಾ?

ನೆನಪಿಲ್ಲದಿದ್ದರೆ ಸುಮ್ನೆ ಊಹಿಸಿ ತುಂಬಬೇಡಿ. ಅಮ್ಮನನ್ನು ಕೇಳಿ, ಚಿಕ್ಕಪ್ಪನನ್ನು ಕೇಳಿ. ಡಿಸ್ಚಾರ್ಜ್ ಸಮ್ಮರಿ, ಔಷಧಿ ಬಿಲ್ಲುಗಳ ಕವರ್ ಮನೆಯಲ್ಲಿ ಎಲ್ಲಾದರೂ ಇರುತ್ತದೆ, ಅವುಗಳ ಮೇಲೆ ತಾರೀಖು ಇರುತ್ತದೆ. ಆ ದಿನಗಳ ವಾಟ್ಸಾಪ್ ಮೆಸೇಜುಗಳನ್ನೂ ತೆಗೆದು ನೋಡಿ. ಮೊದಲು ಒಂದು ಸಲ ನಗಿಸುವ ಯೋಚನೆ ಬಿಟ್ಟು, ನಿಮಗಾಗಿ ಮಾತ್ರ, ನಡೆದದ್ದನ್ನು ನಡೆದ ಹಾಗೆ ಬರೆದಿಡಿ. ಅದನ್ನು ನಮಗೆ ಕಳಿಸಬೇಕಾಗಿಲ್ಲ. ಆಮೇಲೆ ಅದರಲ್ಲಿ ತಾನಾಗಿ ನಗು ಬರುವ ಜಾಗ ಯಾವುದು ನೋಡಿ.

ಬರೆಯುವಾಗ ತೀರಾ ಸಂಕಟವಾದರೆ ನಿಲ್ಲಿಸಿ. ಹತ್ತಿರದವರ ಜೊತೆ ಮಾತಾಡಿ. ರಾತ್ರಿ ನಿದ್ದೆ ಬರದಷ್ಟಾದರೆ ಡಾಕ್ಟರರನ್ನೋ ಆಪ್ತಸಮಾಲೋಚಕರನ್ನೋ ಕಾಣಿ, ಅದರಲ್ಲಿ ಸಂಕೋಚ ಬೇಡ. ನಮ್ಮ ಪುಟಕ್ಕೆ ಅವಸರ ಇಲ್ಲ.

ಇಡ್ಲಿ ಹೋಗಲಿ. ಲಿಫ್ಟಿನ ಚಿಕ್ಕಪ್ಪ ಇರಲಿ, ಅವರು ಅಳುತ್ತಾ ಹೊರಗೆ ಬಂದರು ಎಂದು ಅರ್ಧ ವಾಕ್ಯದಲ್ಲಿ ಹೇಳಿದ್ದೀರಿ, ಅದನ್ನು ಬಿಡಿಸಿ ಬರೆಯಿರಿ. ಹೆಸರು ಬದಲಾಯಿಸಿ, 'ಪ್ರಹಸನ' ಬೇಡ. 1,500 ಪದಗಳವರೆಗೆ ಜಾಗ ಇದೆ. ತಿದ್ದಿದ ಪ್ರತಿ ಬಂದರೆ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ