ಮನೆಯ ಹಾಲ್‌ನಲ್ಲಿ ಕುಣಿದರೆ ಅವಮಾನವೇ?

ಪತ್ರ: ನಮ್ಮ ಮಗಳು ಒಂಬತ್ತು ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಹೋದ ತಿಂಗಳು ಅವಳ ಗುರುಗಳು ತಮ್ಮ ಮನೆಯ ಹಾಲ್‌ನಲ್ಲೇ ಅವಳೊಬ್ಬಳ ನೃತ್ಯ ಇಟ್ಟುಕೊಂಡರು. ಸ್ಟೇಜ್ ಇಲ್ಲ, ಲೈಟಿಂಗ್ ಇಲ್ಲ, ಮೂವತ್ತು ಜನ ಅಷ್ಟೆ. ನಮಗೆ ಒಂಥರಾ ಅವಮಾನವಾಯಿತು. ದೊಡ್ಡ ಸಭಾಂಗಣದಲ್ಲಿ ಮಾಡಿದರೆ ತಾನೇ ಕಲೆಗೆ ಬೆಲೆ? (ಒಬ್ಬ ತಂದೆ, ದಾವಣಗೆರೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇಜಾರಾಯಿತು. ಎಷ್ಟು ಜನ ಬಂದಿದ್ದರು ಎಂದು ಬರೆದಿದ್ದೀರಿ, ಮಗಳು ಏನು ಕುಣಿದಳು ಎಂದು ಬರೆದೇ ಇಲ್ಲ.

ದೊಡ್ಡ ಸ್ಟೇಜಿಗೂ ಅದರ ಅನುಕೂಲ ಇದೆ, ಒಪ್ಪುತ್ತೇನೆ. ಮರದ ನೆಲ ಮಂಡಿಗೆ ಒಳ್ಳೆಯದು. ಕೊನೆಯಲ್ಲಿ ಬರುವ ಚುರುಕು ನೃತ್ಯ ತಿಲ್ಲಾನಕ್ಕೆ ಓಡಾಡಲು ಜಾಗ ಬೇಕು. ಆದರೆ ಅಭಿನಯಕ್ಕೆ ನೋಡುವವರು ಹತ್ತಿರ ಇರಬೇಕು. ಭಾವವನ್ನೇ ನೆಚ್ಚಿದ ಪದ, ಜಾವಳಿ ಎಂಬ ಹಾಡುಗಳು ಬೆಳೆದದ್ದು ಸಾವಿರ ಸೀಟಿನ ಹಾಲ್‌ಗಳಲ್ಲಿ ಅಲ್ಲ. ಅರಮನೆಗಳಲ್ಲಿ, ಉಳ್ಳವರ ಮನೆಯ ಪಡಸಾಲೆಯಲ್ಲಿ, ಮದುವೆ ಚಪ್ಪರದಲ್ಲಿ. ಭರತನಾಟ್ಯದ ನಮ್ಮ ಮೈಸೂರು ಶೈಲಿಯನ್ನೇ ನೋಡಿ. ಕಡೂರಿನ ತಾಂಡಾದಲ್ಲಿ 1906ರಲ್ಲಿ ಹುಟ್ಟಿದ ಲಂಬಾಣಿ ಹುಡುಗಿ ವೆಂಕಟಲಕ್ಷಮ್ಮ, ಚಿಕ್ಕ ವಯಸ್ಸಿಗೇ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಬಂದರು. ಆಮೇಲೆ ಮೈಸೂರಿನ ಆಸ್ಥಾನ ವಿದುಷಿಯಾದರು. 1992ರಲ್ಲಿ ಪದ್ಮಭೂಷಣ ಬಂತು. ಗುರು ಶಿಷ್ಯೆ ಇಬ್ಬರಿಗೂ ಹೆಸರು ತಂದದ್ದು ಅಭಿನಯ. ಹುಬ್ಬು, ಕಣ್ಣಂಚು, ತುಟಿಯ ತುದಿ. ಇಪ್ಪತ್ತನೇ ಸಾಲಿನಲ್ಲಿ ಕೂತವರಿಗೆ ಹುಬ್ಬು ಕಾಣುತ್ತದಾ, ನೀವೇ ಹೇಳಿ.

ತಮಿಳುನಾಡಿನ ಭರತನಾಟ್ಯ ಕಲಾವಿದೆ ಬಾಲಸರಸ್ವತಿಯವರು ನಮ್ಮ ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ'ಗೆ ಅಭಿನಯಿಸಿ ಅದನ್ನು ಜಗತ್ತಿಗೇ ತೋರಿಸಿದರು. ಅದೇ ಪದವನ್ನು ನಾನು ಬಸವನಗುಡಿಯ ಒಂದು ಹಳೇ ಮನೆಯಲ್ಲಿ ನೋಡಿದ್ದೇನೆ. ಕೆಂಪು ರೆಡ್ ಆಕ್ಸೈಡ್ ನೆಲ, ಒಂದೇ ಟ್ಯೂಬ್‌ಲೈಟು. ಜಮಖಾನದ ಮೇಲೆ ಕೂತ ನನಗೂ ನರ್ತಕಿಗೂ ಆರೇ ಅಡಿ ದೂರ. ಅವಳು ಯಶೋದೆಯಾಗಿ 'ಬಾರೋ' ಎಂದು ಕರೆದಳು, ಕೃಷ್ಣ ಬರಲಿಲ್ಲ. ಬೆಣ್ಣೆ ತೋರಿಸಿ ಕರೆದಳು. ಸಿಟ್ಟು ಮಾಡಿ ಮುಖ ತಿರುಗಿಸಿದಳು, ಓರೆಗಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ಮುಂದೆ ಕೂತಿದ್ದ ಅಜ್ಜಿಯೊಬ್ಬರು ತಡೆಯಲಾರದೆ, "ಬರ್ತಾನೆ ಬಿಡವ್ವ, ಅಳಬೇಡ" ಅಂದುಬಿಟ್ಟರು. ಅವಳು ಮುಂದಿನ ಸಾಲನ್ನು ಆ ಅಜ್ಜಿಗೇ ಹೇಳಿದಳು, ನೆರೆಮನೆಯವಳ ಹತ್ತಿರ ಮಗನ ಬಗ್ಗೆ ದೂರುವಂತೆ. ಹಾಡುವವರು ಅದೇ ಸಾಲನ್ನು ಮತ್ತೆ ಮತ್ತೆ ತಂದುಕೊಟ್ಟರು. ಇದು ಯಾವ ದೊಡ್ಡ ಹಾಲ್‌ನಲ್ಲಿ ಆಗುತ್ತದೆ? ಅಲ್ಲಿ ಲೈಟು ಕಣ್ಣಿಗೆ ಹೊಡೆಯುತ್ತಿರುತ್ತದೆ. ಕುಣಿಯುವವರಿಗೆ ಎದುರಿಗೆ ಕತ್ತಲೆ ಬಿಟ್ಟರೆ ಇನ್ನೇನೂ ಕಾಣುವುದಿಲ್ಲ.

ಈಗ ರಂಗಪ್ರವೇಶ, ಅಂದರೆ ಶಿಷ್ಯೆಯ ಮೊದಲ ಪೂರ್ಣ ಪ್ರದರ್ಶನ, ಎಂದರೆ ಇನ್ನೊಂದು ಮದುವೆ. ಹಾಲ್ ಬಾಡಿಗೆ, ಹಾಡುವ, ನುಡಿಸುವ ಮೇಳದವರ ಸಂಭಾವನೆ, ಡ್ರೋನ್, ಊಟದ ಪ್ಲೇಟ್ ಲೆಕ್ಕ. ಸಾಲ ಮಾಡಿದವರನ್ನೂ ಬಲ್ಲೆ. ಒಮ್ಮೆ ಒಂದು ರಂಗಪ್ರವೇಶಕ್ಕೆ ಹೋಗಿದ್ದೆ. ಕಾರ್ಯಕ್ರಮದ ಉದ್ದನೆಯ ನೃತ್ಯ ವರ್ಣ ಮುಗಿಯುತ್ತಿದ್ದಂತೆ ಗಣ್ಯರ ಭಾಷಣ ಶುರುವಾಯಿತು. ಮುಕ್ಕಾಲು ಗಂಟೆ. ಹಾರ, ಶಾಲು, ಫೋಟೋ. ಬೆವರು ಆರಿಹೋದ ಆ ಮಗು ಕೈಕಟ್ಟಿ ಪಕ್ಕದಲ್ಲಿ ನಿಂತಿತ್ತು. ಆಮೇಲೆ ಪದಕ್ಕೆ ಬಂದಾಗ ಅರ್ಧ ಜನ ಊಟಕ್ಕೆ ಎದ್ದುಹೋಗಿದ್ದರು. ಅವಮಾನ ಅಂದರೆ ಅದು, ಅಲ್ವಾ? ಅಷ್ಟೆಲ್ಲಾ ಖರ್ಚಾದ ಮೇಲೆ ಎಷ್ಟೋ ಹುಡುಗಿಯರು ಗೆಜ್ಜೆ ಬಿಚ್ಚಿ ಮೂಲೆಗಿಡುತ್ತಾರೆ. ವರ್ಷಕ್ಕೆ ನಾಲ್ಕು ಸಲ ಯಾರದಾದರೂ ಮನೆಯಲ್ಲಿ ಕುಣಿಯಲು ಕರೆದಿದ್ದರೆ ಇಡುತ್ತಿದ್ದರಾ?

ನಿಮ್ಮ ಮಗಳ ಗುರುಗಳಿಗೆ ನನ್ನ ನಮಸ್ಕಾರ ತಿಳಿಸಿ. ನೆಲ ಗ್ರಾನೈಟ್ ಆಗಿದ್ದರೆ ಕಾಲು ಬಡಿದು ಕುಣಿಯುವ ಜೋರು ಜತಿಗಳನ್ನು ಕಡಿಮೆ ಇಟ್ಟುಕೊಳ್ಳಲಿ, ಮಂಡಿ ಉಳಿಯಬೇಕು. ಜಮಖಾನ ನೋಡುವವರಿಗೆ ಹಾಸಿ, ಕುಣಿಯುವ ಕಡೆ ಬೇಡ. ಕಾಲು ಜಾರುತ್ತದೆ, ಗೆಜ್ಜೆಯ ಸದ್ದೂ ಅಡಗುತ್ತದೆ. ಮೈಕ್ ಬೇಡವೇ ಬೇಡ.

ಮುಂದಿನ ಸಲ ಒಂದು ಕಾರ್ಡ್ ಹಾಕಿ. ಬೆಳಗಿನ ರೈಲಿಗೆ ಬರುತ್ತೇನೆ. ನನಗೆ ಕುರ್ಚಿ ಬೇಡ, ಮುಂದೆ ಕೂರಲು ಜಾಗ ಕೊಟ್ಟರೆ ಸಾಕು. ಅವಳು ಏನು ಕುಣಿದಳು ಅಂತ ಈಗಲೇ ಬರೆದು ತಿಳಿಸಿ.