ಅಂಡಮಾನ್‌ನ ನೀಲ್ ದ್ವೀಪದಲ್ಲಿ ಹೊರಗೆ ಸುತ್ತಾಡಲು ಏನೇನಿದೆ?
ಮಂಡ್ಯದಿಂದ ಅಪ್ಪ-ಅಮ್ಮನ ಜೊತೆ ಹೊರಟಿದ್ದೀವಿ, ನೀಲ್‌ನಲ್ಲಿ ಎರಡು ದಿನ ಬೇಜಾರಾಗಲ್ವಾ ಅಂತ ಕೇಳಿದ್ದೀರಿ. ಖಂಡಿತ ಆಗಲ್ಲ. (2018ರಿಂದ ಅದರ ಹೆಸರು ಶಹೀದ್ ದ್ವೀಪ.)

ಮೊದಲು ಸಮುದ್ರದ ನೀರು ಹಿಂದೆ ಸರಿಯುವ ಹೊತ್ತು (ಇಳಿತ) ವಿಚಾರಿಸಿ. ಲಕ್ಷ್ಮಣಪುರದ ಕಲ್ಲಿನ ಕಮಾನಿನ ತನಕ ನಡೆಯಲು ಇಳಿತವೇ ಬೇಕು. ಆಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಪುಟ್ಟ ಮೀನು, ಏಡಿ, ಹವಳ ಕಾಣುತ್ತವೆ. ಬಂಡೆ ಜಾರುತ್ತೆ, ಅಮ್ಮನಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಹವಳ ಮುಟ್ಟಲೇಬೇಡಿ, ಚೂರು ತಂದರೂ ಅಪರಾಧ.

ಭರತಪುರ ತೀರದಲ್ಲಿ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ನೀರಿನೊಳಗೆ ನೋಡುತ್ತಾ ಈಜೋದು) ಇದೆ. ಈಜು ಬಾರದ ಹಿರಿಯರಿಗೆ ಗಾಜಿನ ತಳದ ದೋಣಿ ಸಾಕು. ಬಾಡಿಗೆ ಸೈಕಲ್ ಹಿಡಿದು ಗದ್ದೆ-ತೋಟಗಳ ನಡುವೆ ಸುತ್ತಿ, ನಮ್ಮ ಮಂಡ್ಯದ ಪಾಂಡವಪುರದ ಕಡೆ ಹೋದ ಹಾಗೇ ಅನಿಸುತ್ತೆ. ಸೂರ್ಯೋದಯಕ್ಕೆ ಸೀತಾಪುರ. ಅಲ್ಲಿ ನಮಗಿಂತ ಬೇಗ ಕತ್ತಲಾಗುತ್ತೆ, ಸೂರ್ಯಾಸ್ತ ನೋಡಲು ಸಂಜೆ ಐದರೊಳಗೆ ಲಕ್ಷ್ಮಣಪುರದ ಇನ್ನೊಂದು ತೀರ ಸೇರಿಕೊಳ್ಳಿ.