ಸಂಪಾದಕರ ಉತ್ತರ: ಅದು ಷೆರೀಫನ ಕಥೆ

ಪ್ರಿಯ ಓದುಗರೇ,

ಕೋಯೆನ್ ಸಹೋದರರ 2007ರ ಸಿನಿಮಾ 'ನೋ ಕಂಟ್ರಿ ಫಾರ್ ಓಲ್ಡ್ ಮೆನ್' ನೋಡಿ ನೀವು ಬರೆದ ಪತ್ರ ತಲುಪಿತು. ಸಿಟ್ಟಿನಲ್ಲೇ ಬರೆದಿದ್ದೀರಿ. "ಎರಡು ಗಂಟೆ ಉಸಿರು ಬಿಗಿಹಿಡಿದು ಕೂತಿದ್ದೆ. ಹೀರೊ ಹೇಗೆ ಸತ್ತ ಅಂತಲೂ ತೋರಿಸಲಿಲ್ಲ. ಕೊಲೆಗಾರ ಆರಾಮವಾಗಿ ನಡೆದು ಹೋದ. ಕೊನೆಗೆ ಒಬ್ಬ ಮುದುಕ ಕೂತು ಕನಸು ಹೇಳಿದ. ಇದಕ್ಕೆ ನಾಲ್ಕು ಆಸ್ಕರ್ ಯಾಕೆ?" ಎಂದು ಕೇಳಿದ್ದೀರಿ.

ಆಸ್ಕರ್ ವಿಷಯ ಬಿಡಿ. ಬಹುಮಾನ ಬಂತು ಅಂತ ಯಾರೂ ಒಂದು ಅಂತ್ಯವನ್ನು ಮೆಚ್ಚಬೇಕಾಗಿಲ್ಲ. ಆದರೆ ಈ ಅಂತ್ಯ ನನಗೆ ತುಂಬ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ನಿರಾಸೆ ಎಲ್ಲಿಂದ ಬಂತು ಅನ್ನುವುದು ಗೊತ್ತಾಗುತ್ತದೆ. ಹೋಟೆಲ್ ದೃಶ್ಯ ನೆನಪಿಸಿಕೊಳ್ಳಿ. 1980ರ ಟೆಕ್ಸಾಸ್. ಬಯಲಿನಲ್ಲಿ ಸಿಕ್ಕ ದುಡ್ಡು ಎತ್ತಿಕೊಂಡು ಓಡುತ್ತಿರುವವನು ಮಾಸ್, ಅದಕ್ಕಾಗಿ ಅವನ ಬೆನ್ನು ಹತ್ತಿರುವ ಕೊಲೆಗಾರ ಶಿಗರ್. ದುಡ್ಡಿನ ಕಂತೆಯೊಳಗೆ ಸಿಗ್ನಲ್ ಕಳಿಸುವ ಯಂತ್ರ ಇರುವುದು ಮಾಸ್‌ಗೆ ಈಗಷ್ಟೇ ಸಿಕ್ಕಿದೆ. ಕೆಳಗಿನ ಕೌಂಟರ್‌ಗೆ ಫೋನ್ ಮಾಡುತ್ತಾನೆ. ಫೋನ್ ರಿಂಗಾಗುತ್ತಲೇ ಇದೆ, ಯಾರೂ ಎತ್ತುತ್ತಿಲ್ಲ. ಬಾಗಿಲ ಸಂದಿಯಲ್ಲಿ ಎರಡು ಕಾಲಿನ ನೆರಳು. ಆಮೇಲೆ ಹೊರಗಿನ ದೀಪವೂ ಆರುತ್ತದೆ. ಹಿನ್ನೆಲೆ ಸಂಗೀತದ ಸುಳಿವೇ ಇಲ್ಲ. ಇಷ್ಟೆಲ್ಲ ಆದ ಮೇಲೆ ಮಾಸ್ ಫೋನಿನಲ್ಲಿ ಶಿಗರ್‌ಗೆ ಸವಾಲು ಹಾಕುತ್ತಾನೆ: ನೀನು ನನ್ನನ್ನು ಹುಡುಕೋದು ಬೇಡ, ನಾನೇ ಬರ್ತೀನಿ ಅಂತ. ಇಬ್ಬರೂ ಎದುರಾಬದುರಾ ನಿಲ್ಲುವ ಗಳಿಗೆಗೆ ನಾವು ಕಾಯದೇ ಇರ್ತೀವಾ? ಸಿನಿಮಾನೇ ಕಾಯಿಸಿತು, ಸಿನಿಮಾನೇ ಕೊಡಲಿಲ್ಲ. ನಿಮ್ಮ ಸಿಟ್ಟು ನ್ಯಾಯವಾದದ್ದೇ.

ಆದರೆ ಮಾಸ್ ಸಾಯುವಾಗ ನಾವು ಎಲ್ಲಿದ್ದೇವೆ ನೋಡಿ. ಆ ಪ್ರದೇಶದ ಪೊಲೀಸ್ ಮುಖ್ಯಸ್ಥ, ಅಂದರೆ ಷೆರೀಫ್, ಮುದುಕ ಬೆಲ್‌ನ ಕಾರಿನಲ್ಲಿ. ಅವನು ಎಲ್ ಪಾಸೊದ ಮೋಟೆಲ್ ಹತ್ತಿರ ಬರುವಷ್ಟರಲ್ಲಿ ಗುಂಡಿನ ಸದ್ದು, ಒಂದು ಗಾಡಿ ಭರ್ರನೆ ದಾಟಿಹೋಗುತ್ತದೆ. ಅವನು ಇಳಿದು ಓಡುವಾಗ ಎಲ್ಲ ಮುಗಿದಿದೆ. ಮಾಸ್‌ನನ್ನು ಕೊಂದದ್ದು ಶಿಗರ್ ಕೂಡ ಅಲ್ಲ, ದುಡ್ಡಿನ ಹಿಂದೆ ಬಿದ್ದಿದ್ದ ಮೆಕ್ಸಿಕನ್ ಗುಂಪು. ಅವರಿಗೆ ಸುಳಿವು ಸಿಕ್ಕಿದ್ದು ಮಾಸ್‌ನ ಅತ್ತೆಯಿಂದ. ಸೂಟ್ ಹಾಕಿದ್ದ ಒಬ್ಬ ಮರ್ಯಾದೆಯಿಂದ ಸಾಮಾನು ಎತ್ತಿಕೊಟ್ಟ, ಆಕೆ ಎಲ್ಲಿಗೆ ಹೊರಟಿದ್ದೇವೆ ಅಂತ ಹೇಳಿಬಿಟ್ಟರು. ಒಂದು ಕೊಲೆ ಇಷ್ಟು ಸಣ್ಣ ಮಾತಿನಿಂದ ಆಗಿಹೋಗುತ್ತದೆ. ತಡವಾಗಿ ಬಂದ ಬೆಲ್‌ಗೆ ಎಷ್ಟು ಕಾಣುತ್ತದೋ ನಮಗೂ ಅಷ್ಟೇ ಕಾಣುತ್ತದೆ. ನಿಮಗಾದ ನಿರಾಸೆ ಅವನದೇ.

ಸಿನಿಮಾ ಶುರುವಾಗುವುದೂ ಬೆಲ್ ದನಿಯಲ್ಲೇ. ಖಾಲಿ ಬಯಲು, ಮೇಲೆ ಟಾಮಿ ಲೀ ಜೋನ್ಸ್ ಅವರ ಮಾತು. ಇಪ್ಪತ್ತೈದು ವರ್ಷಕ್ಕೇ ಷೆರೀಫ್ ಆದವನು, ಅಪ್ಪನೂ ತಾತನೂ ಅದೇ ಕೆಲಸದಲ್ಲಿದ್ದವರು. ಹಿಂದಿನ ಕೆಲವು ಷೆರೀಫರು ಬಂದೂಕನ್ನೇ ಇಟ್ಟುಕೊಳ್ಳುತ್ತಿರಲಿಲ್ಲ ಅಂತ ನೆನೆಯುತ್ತಾನೆ. ಆಮೇಲೆ ಮಾಸ್, ಶಿಗರ್ ಬಂದು ನಮ್ಮನ್ನು ಎಳೆದುಕೊಂಡು ಹೋಗುತ್ತಾರೆ. ಶಿಗರ್ ಆಗಿ ಹಾವಿಯೆರ್ ಬಾರ್ಡೆಮ್ ಎಷ್ಟು ಭಯ ಹುಟ್ಟಿಸುತ್ತಾರೆ ಅಂದರೆ ಮುದುಕನನ್ನು ಮರೆತೇಬಿಡುತ್ತೇವೆ. ಕೊನೆಯಲ್ಲಿ ಕಥೆ ಅದರ ಯಜಮಾನನಿಗೆ ವಾಪಸ್ ಹೋಗುತ್ತದೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಬೆಲ್, ಹೆಂಡತಿಗೆ ಕನಸು ಹೇಳುತ್ತಾನೆ: ಚಳಿಗತ್ತಲಲ್ಲಿ ಅಪ್ಪ ಕೊಂಬಿನಲ್ಲಿ ಬೆಂಕಿ ಇಟ್ಟುಕೊಂಡು ಕುದುರೆ ಮೇಲೆ ಮುಂದೆ ಹೋದ. ಆ ಅಪ್ಪ ಬದುಕಿದ್ದಕ್ಕಿಂತ ಇಪ್ಪತ್ತು ವರ್ಷ ಜಾಸ್ತಿ ಬದುಕಿದ್ದಾನೆ ಈ ಮಗ. ಸೋತ ಪೊಲೀಸನೊಬ್ಬನ ಮುಖವನ್ನು ಇಷ್ಟು ಹೊತ್ತು, ಇಷ್ಟು ಪ್ರೀತಿಯಿಂದ ತೋರಿಸಿದ ಥ್ರಿಲ್ಲರ್ ಇನ್ನೊಂದನ್ನು ನಾನು ನೋಡಿಲ್ಲ.

ನನ್ನದೂ ಒಂದು ತಕರಾರಿದೆ. ಮೋಟೆಲಿನ ಈಜುಕೊಳದ ಪಕ್ಕ ಮಾಸ್‌ನನ್ನು ಬಿಯರ್‌ಗೆ ಕರೆಯುವ ಹೆಂಗಸು. ಒಂದು ನಿಮಿಷ ನಗುತ್ತಾಳೆ, ಮುಂದೆ ನೀರಲ್ಲಿ ಹೆಣವಾಗಿ ತೇಲುತ್ತಾಳೆ. ಅವಳಿಗಾಗಿ ಬೆಲ್ ಆದರೂ ಒಂದು ಮಾತಾಡಬೇಕಿತ್ತು. ಮಾಸ್‌ನ ಹೆಂಡತಿ ಕಾರ್ಲಾ ಜೀನ್‌ಗೆ ಆ ಮರ್ಯಾದೆ ಸಿಕ್ಕಿದೆ. ಅವಳ ಜೀವ ಪಣಕ್ಕಿಟ್ಟು ಶಿಗರ್ ನಾಣ್ಯ ಚಿಮ್ಮಿಸಿ, ಹೆಡ್ಸೋ ಟೇಲ್ಸೋ ಹೇಳು ಅಂದಾಗ ಅವಳು ಹೇಳುವುದಿಲ್ಲ, ತೀರ್ಮಾನ ನಿನ್ನದೇ ಅಂತ ಶಿಗರ್ ಮುಖಕ್ಕೆ ಹೇಳುತ್ತಾಳೆ. ಆಮೇಲೆ ಅವನು ಹೊರಬಂದು ಬೂಟಿನ ಅಡಿ ನೋಡಿಕೊಳ್ಳುತ್ತಾನೆ. ರಕ್ತ ತೋರಿಸದೆಯೇ ನಮಗೆ ಗೊತ್ತಾಗುತ್ತದೆ, ಅಲ್ವಾ?

ಪತ್ರದ ಕೊನೆಗೆ, "ಆ ದುಡ್ಡು ಯಾರಿಗೆ ಸಿಕ್ಕಿತು?" ಅಂತ ಕೇಳಿದ್ದೀರಿ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಬೆಲ್ ರಾತ್ರಿ ಮತ್ತೆ ಮೋಟೆಲ್ ಕೋಣೆಗೆ ಬಂದಾಗ ಮಾಸ್ ದುಡ್ಡು ಬಚ್ಚಿಡುವಂಥ ಗಾಳಿಕಿಂಡಿಯ ಮುಚ್ಚಳ ಬಿಚ್ಚಿದೆ, ನೆಲದಲ್ಲಿ ಸ್ಕ್ರೂಗಳು, ಒಂದು ನಾಣ್ಯ. ನಾಣ್ಯದಲ್ಲಿ ಸ್ಕ್ರೂ ಬಿಚ್ಚುವುದು ಶಿಗರ್ ಪದ್ಧತಿ. ಹಾಗಾಗಿ ಅವನಿಗೇ ಸಿಕ್ಕಿತು ಅಂತ ನನ್ನ ಲೆಕ್ಕ. ಮುಂದೆ ಕಾರು ಅಪಘಾತದಲ್ಲಿ ಅವನ ಕೈಮೂಳೆ ಮುರಿದಾಗ, ಅಲ್ಲಿದ್ದ ಇಬ್ಬರು ಹುಡುಗರಲ್ಲಿ ಒಬ್ಬನ ಅಂಗಿಯನ್ನು ಕೈಗೆ ಕಟ್ಟಿಕೊಳ್ಳಲು ಪಡೆದು ನೋಟು ಕೊಡುತ್ತಾನೆ. ಅವನು ಕುಂಟುತ್ತಾ ಹೋಗುತ್ತಿರುವಾಗಲೇ ಆ ಹುಡುಗರು, ಅದರಲ್ಲಿ ನನಗೂ ಪಾಲಿದೆ ಅಂತ ಒಬ್ಬ, ನಿನ್ನ ಅಂಗಿ ನಿನ್ನ ಹತ್ತಿರವೇ ಇದೆಯಲ್ಲ ಅಂತ ಇನ್ನೊಬ್ಬ, ಜಗಳ ಶುರು ಮಾಡಿರುತ್ತಾರೆ.

– ಸಂಪಾದಕ